ಹಿಂಭಾರದ ಗಾಡಿ

ನನ್ನ ಸಿಟ್ಟು ಸವಣೂರಿಗೆಲ್ಲ ಗೊತ್ತು. ನನ್ನ ವೆಲ್ಡಿಂಗ್ ಅಂಗಡಿಗೆ ಗೇಟು, ಕಿಟಕಿ ಮಾಡಿಸಲು ಬರುವವರು ಮೊದಲು ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದರು, ಆಮೇಲೆ ಒಳಗೆ ಕಾಲಿಡುತ್ತಿದ್ದರು. ಅಕ್ಕ ಇದನ್ನೇ ಹಿಡಿದು ಕಾಡುತ್ತಿದ್ದಳು. "ವೆಲ್ಡಿಂಗ್ ಕಿಡಿಗೆ ಕನ್ನಡಕ ಐತಿ. ನಿನ್ನ ಬಾಯಾಗಿಂದ ಬೀಳೂ ಕಿಡಿಗೆ ಏನೈತೋ? ಯಾರ್ ಹೆಣ್ಣು ಕೊಡ್ತಾರ ನಿನಗ?" ಎನ್ನುತ್ತಿದ್ದಳು. ಯಾರೂ ಕೊಡಲಿಲ್ಲ, ನಾನೂ ಕೇಳಲು ಹೋಗಲಿಲ್ಲ. ಮನೆಯಲ್ಲಿ ನಾವು ಮೂರೇ ಜನ: ಅವ್ವ, ಅಕ್ಕ, ನಾನು. ಈಗ ನಾನೊಬ್ಬನೇ ಇದ್ದೇನೆ. ಅವ್ವ ಹೋಗಿ ಒಂದು ವರ್ಷವಾಯಿತು. ಆಕೆ ಇರುವವರೆಗೆ ಇದನ್ನು ಬರೆಯುವ ಹಾಗಿರಲಿಲ್ಲ.

ಅಕ್ಕ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವಲು ಹೋಗಿ ಏಣಿಯಿಂದ ಬಿದ್ದಿದ್ದಳು. ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗೆ ಜೀವವಿಲ್ಲ. ದಿಂಬು ಕೊಟ್ಟು ಕೂರಿಸಿದರೂ ಎರಡು ನಿಮಿಷಕ್ಕೆ ನೋವಿನಿಂದ ಹಲ್ಲು ಕಚ್ಚುತ್ತಿದ್ದಳು. ಆರು ವರ್ಷ ಮಲಗಿದ್ದಲ್ಲೇ ಇದ್ದಳು. ಚಿಕ್ಕಂದಿನಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು, ನನಗೆ ಅಕ್ಷರ ಕಲಿಸಿದವಳು, ಅಪ್ಪ ತೀರಿದ ಮೇಲೆ ತನ್ನ ಮದುವೆಯ ಮಾತನ್ನೇ ತೆಗೆಯಲು ಬಿಡದವಳು. ಅಂಥವಳು ಜಂತಿ ನೋಡುತ್ತ ಮಲಗಿದ್ದರೆ ನನ್ನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಆ ಬೆಂಕಿಯನ್ನು ನಾನು ಬೇರೆಯವರ ಮೇಲೆ ಉಗುಳುತ್ತಿದ್ದೆ.

ಆಕೆಗೆ ಒಂದೇ ಒಂದು ಆಸೆ ಇತ್ತು. ಅವ್ವನ ತವರು ಹಿರೇಕೆರೂರಿನ ಕಡೆ. ಅಲ್ಲಿಯ ದೊಡ್ಡ ಕೆರೆ ತುಂಬಿ ಕೋಡಿ ಬಿದ್ದಾಗ ಚಿಕ್ಕಂದಿನಲ್ಲಿ ನಾವು ನೋಡಲು ಹೋಗುತ್ತಿದ್ದೆವು. ನೀರು ಗುಡ್ಡದ ಸಂದಿಯಲ್ಲಿ ಧುಮುಕುವ ಸದ್ದು ಅರ್ಧ ಮೈಲಿಯಿಂದಲೇ ಕೇಳುತ್ತಿತ್ತು. "ಇನ್ನೊಮ್ಮೆ ಅದನ್ನ ನೋಡ್ಬೇಕೋ ತಮ್ಮಾ. ಒಮ್ಮೆ ನೋಡಿದ್ರ ಮತ್ತ ಆರು ವರ್ಷ ಈ ಜಂತಿ ನೋಡ್ಕೋಂತ ಇರ್ತೇನಿ" ಎಂದಿದ್ದಳು. ಬಸ್ಸಿನಲ್ಲಿ, ಕಾರಿನಲ್ಲಿ ಕೂರಲು ಬಾರದು. ಆಂಬುಲೆನ್ಸ್ ಬಾಡಿಗೆಗೆ ತರುತ್ತೇನೆ ಎಂದರೆ, "ಅದ್ರಾಗ ಹ್ವಾದ್ರ ಕೆರಿ ಕಡೆ ಹೋಗೂದಿಲ್ಲ, ಮ್ಯಾಲೆ ಹೋಗ್ತೇನಿ" ಎಂದು ನಕ್ಕಳು.

ಹಾಗಿದ್ದಾಗ ಒಂದು ದಿನ ಫೋನಿನಲ್ಲಿ ಕಾರಿನ ಹಿಂದೆ ಒಂದು ಪುಟ್ಟ ಮನೆಯನ್ನೇ ಕಟ್ಟಿಕೊಂಡು ಊರೂರು ತಿರುಗುವ ಜನರನ್ನು ನೋಡಿದೆ. ಒಳಗೇ ಮಂಚ, ಒಲೆ, ನೀರು. ನನ್ನ ಹತ್ತಿರ ಹಳೆಯ ಜೀಪಿತ್ತು, ಕಬ್ಬಿಣವಿತ್ತು, ಕೈಯಲ್ಲಿ ಕಸುಬಿತ್ತು. ಇನ್ನೇನು ಬೇಕು ಅಂದುಕೊಂಡೆ. ಒಂದೇ ಅಚ್ಚಿನ ಎರಡು ಗಾಲಿಯ ಟ್ರೇಲರ್ ಮಾಡಿ, ಮೇಲೆ ಕೊಳವೆಯ ಚೌಕಟ್ಟು ನಿಲ್ಲಿಸಿ, ತಗಡು ಹೊದಿಸಿದೆ. ಅಕ್ಕನ ದಿಂಬಿನ ಮಟ್ಟಕ್ಕೆ ಸರಿಯಾಗಿ ಒಂದು ಅಡ್ಡ ಕಿಟಕಿ ಕೊರೆದೆ. ಮಲಗಿದಲ್ಲಿಂದ ಕತ್ತು ಹೊರಳಿಸಿದರೆ ಸಾಕು, ಹೊಲ ಗದ್ದೆ ಎಲ್ಲ ಕಾಣಬೇಕು. ಆ ಕಿಟಕಿಯ ಅಳತೆ ತೆಗೆಯಲು ನಾನೇ ನಾಲ್ಕು ಸಲ ಆ ಹಲಗೆಯ ಮೇಲೆ ಮಲಗಿ ಎದ್ದೆ. ಅದಕ್ಕೆ 'ಮನಿ ಗಾಡಿ' ಎಂದು ಹೆಸರಿಟ್ಟವಳು ಅಕ್ಕ.

ಮನೆ ಎಂದ ಮೇಲೆ ಅವ್ವ ಸುಮ್ಮನಿರುತ್ತಾಳೆಯೇ? "ಮನಿ ಅಂದ್ರ ವಾಸ್ತು ಬೇಕಪಾ" ಎಂದು ಬಂದು ನಿಂತಳು. ಗಾಡಿ ನಮ್ಮ ಅಂಗಳದಲ್ಲಿ ರಸ್ತೆಗೆ, ಎಂದರೆ ದಕ್ಷಿಣಕ್ಕೆ, ಮೂತಿ ಮಾಡಿ ನಿಂತಿತ್ತು. ಬಾಗಿಲು ಎಡಬದಿಗೆ, ಪೂರ್ವಕ್ಕೆ ಬಂದಿತ್ತು. ಅದು ಆಕೆಗೆ ಒಪ್ಪಿಗೆಯಾಯಿತು. ಒಲೆ ಆಗ್ನೇಯಕ್ಕೆ, ಮಂಚ ನೈಋತ್ಯಕ್ಕೆ. ಎರಡೂ ಮುಂದಿನ ಮೂಲೆಗಳು. ನೀರು ಮಾತ್ರ ಈಶಾನ್ಯಕ್ಕೇ ಬೇಕಂತೆ. ಈಶಾನ್ಯವೆಂದರೆ ಗಾಡಿಯ ಕಟ್ಟಕಡೆಯ ಹಿಂಬದಿಯ ಮೂಲೆ. "ಅವ್ವ, ಗಾಲಿ ಇರೂ ಮನಿಗೆ ಎಲ್ಲೀ ಈಶಾನ್ಯ? ಒಂದು ತಿರುವು ತಿರುಗಿದ್ರ ಅದಽ ಆಗ್ನೇಯ ಆಕ್ಕೈತಿ" ಎಂದು ನಾನು ಹೇಳಿದೆ. ಅಕ್ಕ ಒಳಗಿನಿಂದಲೇ, "ಹಂಗಾರ ಡ್ರಮ್ಮಿಗೂ ನಾಕು ಗಾಲಿ ಹಚ್ಚೋ, ತಿರುವು ಬಂದಾಗೊಮ್ಮೆ ಸರಕೊಂಡು ಹೋಗ್ಲಿ" ಎಂದಳು. ಅವ್ವನಿಗೆ ನಗು ಬರಲಿಲ್ಲ. ಏಣಿಯನ್ನು ಮೂಲೆ ನೋಡದೆ ಇಟ್ಟಿದ್ದಕ್ಕೇ ಮಗಳು ಬಿದ್ದಳೆಂದು ಆಕೆ ಆರು ವರ್ಷ ನಂಬಿದ್ದಳು. ಮೂರು ದಿನ ನನ್ನೊಂದಿಗೆ ಮಾತು ಬಿಟ್ಟಳು, ರೊಟ್ಟಿಯ ತಾಟನ್ನು ದೂರದಿಂದ ನೂಕುತ್ತಿದ್ದಳು. ನಾಲ್ಕನೆಯ ದಿನ ನನಗೆ ತಲೆ ಚಿಟ್ಟು ಹಿಡಿಯಿತು. ಇನ್ನೂರು ಲೀಟರಿನ ನೀಲಿ ಡ್ರಮ್ಮನ್ನು ಆಕೆ ಹೇಳಿದ ಮೂಲೆಯಲ್ಲೇ ಇಟ್ಟು, ಸುತ್ತ ಕಬ್ಬಿಣದ ಪಟ್ಟಿ ಬೆಸೆದು, ಹೊರಗಿನಿಂದ ನೀರು ತುಂಬಲು ಒಂದು ಬಾಯಿ ಬಿಟ್ಟು, ಮೇಲೆ ತಗಡು ಹೊಡೆದುಬಿಟ್ಟೆ.

ನೋಂದಣಿಗೆಂದು ಆರ್‌ಟಿಒ ಕಚೇರಿಗೆ ಫೋಟೋ ಹಿಡಿದುಕೊಂಡು ಹೋದೆ. ಅಲ್ಲಿಯ ಇನ್‌ಸ್ಪೆಕ್ಟರು ಕನ್ನಡಕ ಏರಿಸಿ ಎಲ್ಲ ನೋಡಿದರು. "ಹಿಂದ ಕಟ್ಟಿದ್ದು ಬರೇ ಸಾಮಾನಲ್ರಿ. ಕಾನೂನಿಗೆ ಅದೂ ಒಂದು ಗಾಡಿನಽ. ಅದಕ್ಕ ಬ್ಯಾರೆ ನಂಬರ್ ಬೇಕು. ಮನ್ಯಾಗ ಮಾಡಿದ್ದಕ್ಕ ನಕ್ಷೆ ಮಂಜೂರು ಆಗಬೇಕು. ಖಾಲಿ ತೂಕ ಎಷ್ಟು, ತುಂಬಿದ ತೂಕ ಎಷ್ಟು, ಬದಿಗೆ ಬರೆಸಬೇಕು. ನಿಮ್ಮ ಜೀಪು ಎಷ್ಟು ಎಳೀಬಹುದು ಅನ್ನೂದಕ್ಕೂ ಮಿತಿ ಐತಿ" ಎಂದು ತಾಳ್ಮೆಯಿಂದ ಹೇಳಿದರು. ಅಲ್ಲಿಯವರೆಗೆ ನಾನೂ ತಲೆಯಾಡಿಸಿದೆ. ಆಮೇಲೆ ಅವರು, "ಮತ್ತ ಒಂದು ನೆನಪಿಟ್ಕೋರಿ. ಓಡೂ ಟ್ರೇಲರಿನ್ಯಾಗ ಮನಷಾರು ಇರಂಗಿಲ್ಲ. ನಿಲ್ಲಿಸಿದ ಮ್ಯಾಲೆ ಒಳಗ ಬೇಕಾದಷ್ಟು ಮಲಗ್ರಿ" ಎಂದರು.

"ಕುಂದ್ರಾಕ ಬರೂ ಹಂಗಿದ್ರ ನಾ ಇದನ್ನ ಯಾಕ ಮಾಡ್ತಿದ್ದೆ?" ಎಂದು ನಾನು ಮೇಜಿನ ಮೇಲೆ ಕೈ ಬಡಿದೆ. ಕಚೇರಿಗೆ ಕಚೇರಿಯೇ ತಿರುಗಿ ನೋಡಿತು. ಅವರು ದನಿ ಏರಿಸಲಿಲ್ಲ. "ನಿಮ್ಮ ಅಕ್ಕಾರಿಗೆ ಅಂತ ಕಾನೂನು ಬ್ಯಾರೆ ಮಾಡಾಕ ಬರೂದಿಲ್ರಿ. ಅದು ಇರೂದಽ ಅವರ ಸಲುವಾಗಿ" ಎಂದರು. ನಾನು ಕಾಗದ ಕಿತ್ತುಕೊಂಡು ಹೊರಬಿದ್ದೆ. ಅವರು ಹೇಳಿದ ಒಂದೊಂದು ಮಾತೂ ಸರಿಯಿತ್ತು. ಅದು ಗೊತ್ತಿದ್ದದ್ದಕ್ಕೇ ನನಗೆ ಅಷ್ಟು ಸಿಟ್ಟು ಬಂದಿತ್ತೆಂದು ಈಗ ಅನಿಸುತ್ತದೆ.

ನಂಬರಿಲ್ಲದಿದ್ದರೂ ಗಾಡಿ ಹೇಗೆ ಓಡುತ್ತದೆ ನೋಡೋಣವೆಂದು ಒಂದು ಬೆಳಿಗ್ಗೆ ಡ್ರಮ್ಮು ತುಂಬಿಸಿ, ಯಾರನ್ನೂ ಕೂರಿಸದೆ, ಶಿಗ್ಗಾವಿ ದಾಟಿ ತಡಸದವರೆಗೆ ಹೋದೆ. ತಿರುಗಿ ಬರುವಾಗ ಹೆದ್ದಾರಿಯಲ್ಲಿ ಸ್ವಲ್ಪ ವೇಗ ಹೆಚ್ಚಿಸಿದ್ದೇ ತಡ, ಹಿಂದಿನ ಗಾಡಿ ಎಡಕ್ಕೂ ಬಲಕ್ಕೂ ಬಾಲ ಬೀಸತೊಡಗಿತು. ಸ್ಟೇರಿಂಗ್ ನನ್ನ ಕೈಯಲ್ಲಿದ್ದರೂ ಜೀಪು ನನ್ನ ಮಾತು ಕೇಳುತ್ತಿರಲಿಲ್ಲ. ಬೆವರಿ ನೀರಾಗಿ, ಶಿಗ್ಗಾವಿಯ ಹತ್ತಿರ ರಸ್ತೆ ಬದಿಯ ಕಾಟಾಕ್ಕೆ ತಂದು ನಿಲ್ಲಿಸಿದೆ. ಲಾರಿಗಳನ್ನು ತೂಕ ಮಾಡುವ ಆ ಕಾಟಾ ನೋಡಿಕೊಳ್ಳುತ್ತಿದ್ದವರು ಬಂಕಾಪುರದ ಒಬ್ಬ ಚಾಚಾ. ಹರೆಯದಲ್ಲಿ ಚಕ್ಕಡಿಯಲ್ಲಿ ಹತ್ತಿ ಅಂಡಿಗೆ ಸಾಗಿಸಿದವರು.

ಚಾಚಾ ಮೊದಲು ಟ್ರೇಲರನ್ನು ಬಿಚ್ಚಿಸಿ ಇಡೀ ತೂಕ ಹಾಕಿದರು. ಆಮೇಲೆ ಗಾಲಿಗಳನ್ನು ಕಾಟಾದ ಹೊರಗಿಟ್ಟು, ಜೀಪಿಗೆ ಸಿಕ್ಕಿಸುವ ಮೂತಿಯನ್ನಷ್ಟೇ ಕಾಟಾದ ಮೇಲೆ ಊರಿದರು. ಕೋಣೆಯೊಳಗಿನ ತೂಕದ ಅಂಕಿ ಸೊನ್ನೆಯಿಂದ ಅಲುಗಲಿಲ್ಲ. ಅವರು ಬಂದು ಆ ಮೂತಿಯನ್ನು ಎರಡು ಬೆರಳಿನಲ್ಲಿ ಎತ್ತಿ ನನಗೆ ತೋರಿಸಿದರು. "ನೋಡ್ ತಮ್ಮಾ, ಹಿಂಭಾರ ಆಗೈತಿ. ಹತ್ತು ಪಾಲಿನಾಗ ಒಂದು ಪಾಲರ ಮೂತಿ ಮ್ಯಾಲೆ ಬೀಳಬೇಕು. ಇಲ್ಲಂದ್ರ ಎತ್ತು ಗಾಡಿ ಎಳೆಯೂದಿಲ್ಲ, ಗಾಡಿ ಎತ್ತಿನ್ನ ಎಳೀತೈತಿ. ಆ ಡ್ರಮ್ ಖಾಲಿ ಮಾಡು ಮೊದಲ. ಇನ್ನೊಂದು, ಬಾಲ ಬೀಸಾಕ ಹತ್ತಿದ್ರ ಬ್ರೇಕ್ ಮುಟ್ಟಬ್ಯಾಡ. ಕಾಲು ತಗದು ಸುಮ್ನ ಹಿಡ್ಕೊಂಡು ಕುಂದ್ರು."

ನನಗೆ ನಾಚಿಕೆಯಿಂದ ನೆಲ ಬಗೆದು ಒಳಗೆ ಹೋಗಬೇಕೆನಿಸಿತು. ನನ್ನ ಅಪ್ಪ ಚಕ್ಕಡಿ ಮಾಡುವ ಬಡಿಗ. ಹೊಸ ಗಾಡಿ ಮಾಡಿದಾಗಲೆಲ್ಲ ಭಾರ ಹೇರಿಸಿ, ನೊಗವನ್ನು ಕೈಯಲ್ಲಿ ಎತ್ತಿ ನೋಡುತ್ತಿದ್ದ. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆಂದು ನನಗೆ ಹೇಳಿಕೊಟ್ಟಿದ್ದ. ಅವನ ಮಗನಾಗಿ ನಾನು ಇನ್ನೂರು ಲೀಟರ್ ನೀರನ್ನು ಬಾಲಕ್ಕೆ ಕಟ್ಟಿದ್ದೆ! ಅಲ್ಲೇ ಕೆಳಗಿನ ನಲ್ಲಿ ತಿರುವಿ ಡ್ರಮ್ಮು ಬರಿದು ಮಾಡಿದೆ. ಮೂತಿಯನ್ನು ಮತ್ತೆ ಕಾಟಾದ ಮೇಲೆ ಇಟ್ಟಾಗ ಸುಮಾರು ಒಂದು ಕ್ವಿಂಟಲ್ ತೋರಿಸಿತು. ಊರಿಗೆ ಬರುವ ದಾರಿಯಲ್ಲಿ ಗಾಡಿ ಸಾಧು ಎಮ್ಮೆಯ ಹಾಗೆ ಹಿಂದೆ ಬಂತು.

ಮನೆಗೆ ಬಂದಾಗ ಅವ್ವ ಎಮ್ಮೆಗೆ ಮೇವು ಹಾಕುತ್ತಿದ್ದಳು. "ಕಾಟಾದಾಂವ ಏನಂದನಪಾ?" ಎಂದು ಕೇಳಿದಳು. ಹೇಳಬೇಕಾಗಿದ್ದದ್ದು ಒಂದೇ ಒಂದು ಮಾತು. ಆದರೆ ಈಶಾನ್ಯದ ಡ್ರಮ್ಮಿನ ಸುದ್ದಿ ತೆಗೆದರೆ ಮತ್ತೆ ಮೂರು ದಿನ ಮುಖ ಊದಿಸುತ್ತಾಳೆ, ಮತ್ತೆ ಅತ್ತು ಕರೆದು ರಾಮಾಯಣ ಮಾಡುತ್ತಾಳೆ ಎಂದು ನನಗೆ ಬೇಸರ. "ನಿನಗ ಅವೆಲ್ಲ ತಿಳಿಯೂದಿಲ್ಲ, ಸುಮ್ನಿರು" ಎಂದು ಗದರಿ ಒಳಗೆ ಹೋದೆ. ಆಕೆ ಮತ್ತೆ ಕೇಳಲಿಲ್ಲ.

ಅದೇ ವಾರ ಮಳೆ ಹಿಡಿದು ಹೊಡೆಯಿತು. ಕೆರೆ ಕೋಡಿ ಬಿದ್ದಿದೆಯೆಂದು ಅವ್ವನ ತವರಿನಿಂದ ಫೋನು ಬಂತು. ಡ್ರಮ್ಮನ್ನು ಕಿತ್ತು ಅಚ್ಚಿನ ಮೇಲಕ್ಕೆ ಸರಿಸಬೇಕೆಂದರೆ ತಗಡು ಬಿಚ್ಚಿ, ಪಟ್ಟಿ ಕತ್ತರಿಸಿ, ಎರಡು ದಿನದ ಕೆಲಸ. ಖಾಲಿ ಇಟ್ಟರಾಯಿತಲ್ಲ ಎಂದುಕೊಂಡೆ. ನಂಬರಿನ ಕಾಗದ ಬರುವಷ್ಟರಲ್ಲಿ ಕೋಡಿ ನಿಂತುಬಿಡುತ್ತದೆ. ಓಡುವ ಗಾಡಿಯಲ್ಲಿ ಮನುಷ್ಯರನ್ನು ಮಲಗಿಸಬಾರದೆಂಬ ಮಾತು ನೆನಪಿತ್ತು. ಮೆಲ್ಲಗೆ ಹೋದರೆ ಏನಾದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾನು ಸುಳ್ಳು ಹೇಳಿದ್ದರೆ ಮೊದಲು ಹೇಳಿದ್ದು ನನಗೇ.

ಹೊರಡುವ ದಿನ ಬೆಳಿಗ್ಗೆ ಟ್ರೇಲರಿನ ಮೂತಿ ಎತ್ತಿ ಜೀಪಿಗೆ ಸಿಕ್ಕಿಸಿದೆ. ಎತ್ತಲು ಎರಡೂ ಕೈ ಹಚ್ಚಿ ತಿಣುಕಬೇಕಾಯಿತು, ಮೂತಿಗೆ ಭಾರ ಬಿದ್ದಿದೆಯೆಂದು ಮನಸ್ಸಿಗೆ ನೆಮ್ಮದಿಯಾಯಿತು. ಅಕ್ಕನ ಬೆನ್ನಿನ ಹುಣ್ಣಿನ ಮುಲಾಮು ಮುಗಿದಿತ್ತು. ಅದನ್ನೂ ಗುಳಿಗೆಗಳನ್ನೂ ತರಲು ಔಷಧಿ ಅಂಗಡಿಗೆ ನಡೆದೆ. ಅಂಗಡಿಯವನು ಬಾಗಿಲು ತೆಗೆಯಲು ತಡ ಮಾಡಿದ, ತಿರುಗಿ ಬರಲು ಮುಕ್ಕಾಲು ಗಂಟೆಯಾಯಿತು. ಅವ್ವ ಅಷ್ಟರಲ್ಲಿ ಗಾಡಿಗೆ ಕುಂಕುಮ ಹಚ್ಚಿ, ಅಕ್ಕನ ತಲೆ ಬಾಚಿ ಹೂ ಮುಡಿಸಿದ್ದಳು. ಎಮ್ಮೆ ಈಯುವ ದಿನವಾದ್ದರಿಂದ ಆಕೆ ಬರುವಂತಿರಲಿಲ್ಲ. ನೆರೆಯವರಿಬ್ಬರು ಕೈಗೂಡಿಸಿದರು, ಚಾದರದ ಸಮೇತ ಅಕ್ಕನನ್ನು ಎತ್ತಿ ಮನಿ ಗಾಡಿಯ ಮಂಚದ ಮೇಲೆ ಮಲಗಿಸಿ, ಅಡ್ಡ ಬೆಲ್ಟು ಕಟ್ಟಿದೆ. ಅಕ್ಕ ಕಿಟಕಿಯತ್ತ ಕತ್ತು ಹೊರಳಿಸಿ, "ಎವ್ವಾ, ನಮ್ಮ ಓಣಿ ಎಷ್ಟು ಉದ್ದ ಐತೋ!" ಎಂದಳು. ಆರು ವರ್ಷದ ಮೇಲೆ ತನ್ನ ಓಣಿ ನೋಡಿದ್ದಳು.

ಹೆದ್ದಾರಿಯ ಲಾರಿಗಳೂ ಬೇಡ, ತಪಾಸಣೆಯವರೂ ಬೇಡ ಎಂದು ಬಂಕಾಪುರ, ಹಾನಗಲ್ ಸುತ್ತಿಕೊಂಡು ಹೊರಟೆ. ಅಕ್ಕನ ಫೋನಿಗೂ ನನ್ನ ಫೋನಿಗೂ ಕರೆ ಹಚ್ಚಿಟ್ಟು, ಇಬ್ಬರೂ ಮಾತಾಡುತ್ತ ಹೋದೆವು. ದಾರಿಯುದ್ದಕ್ಕೂ ಆಕೆಯ ಬಾಯಿ ನಿಲ್ಲಲಿಲ್ಲ. ಗೋವಿನಜೋಳ ಆಳೆತ್ತರ ಬೆಳೆದಿದೆ ಎಂದಳು. ಭತ್ತದ ಗದ್ದೆಯಲ್ಲಿ ಕೊಕ್ಕರೆ ನಿಂತಿವೆ ಎಂದಳು. ಒಬ್ಬ ಹೆಂಗಸು ತನ್ನನ್ನು ಕಿಟಕಿಯಲ್ಲಿ ನೋಡಿ ದೆವ್ವ ಕಂಡವಳ ಹಾಗೆ ಕೊಡ ಬಿಟ್ಟಳೆಂದು ಹೇಳಿ ಹೇಳಿ ನಕ್ಕಳು. ಜೀಪು ಒಂದೆರಡು ಸಲ ಏದುಸಿರು ಬಿಟ್ಟಂತಾಯಿತು, ತಿರುವಿನಲ್ಲಿ ಹಿಂದೆ ಸ್ವಲ್ಪ ಜಗ್ಗಿತು. ಮಳೆಯ ರಸ್ತೆ, ಹಳೆಯ ಜೀಪು ಎಂದು ಬಿಟ್ಟೆ. ಅಕ್ಕ ನಗುವುದನ್ನು ಕೇಳುತ್ತಿದ್ದೆನಲ್ಲ, ಬೇರೆ ಯಾವ ಸದ್ದೂ ನನ್ನ ಕಿವಿಗೆ ಬೀಳುತ್ತಿರಲಿಲ್ಲ.

ಹಾನಗಲ್ ದಾಟಿ, ಆಡೂರಿಗೆ ಹೋಗುವ ಫಲಕ ಹಿಂದಾದ ಮೇಲೆ ಒಂದು ಇಳಿಜಾರು ಬಂತು. ಜೀಪು ತಾನಾಗಿ ವೇಗ ಹಿಡಿಯಿತು. ಆಗ ಅಕ್ಕ ಫೋನಿನಲ್ಲಿ, "ತಮ್ಮಾ, ಹಿಂದ ಡ್ರಮ್ಮಿನ್ಯಾಗ ನೀರು ಗುಳುಗುಳು ಅನ್ನಾಕತ್ತೈತೋ. ಕೆರಿ ನಮ್ಮ ಸಂಗಾಟನಽ ಬಂದಂಗ ಆಗೈತಿ" ಎಂದಳು.

ಡ್ರಮ್ಮಿನಲ್ಲಿ ನೀರು? ಅದೇ ಗಳಿಗೆಗೆ ಹಿಂದಿನ ಗಾಡಿ ಒಮ್ಮೆ ಎಡಕ್ಕೆ ಸೆಳೆಯಿತು, ಬಲಕ್ಕೆ ಸೆಳೆಯಿತು. ಚಾಚಾ ಹೇಳಿದ್ದು ಗೊತ್ತಿತ್ತು. ಗೊತ್ತಿದ್ದೂ ನನ್ನ ಕಾಲು ಬ್ರೇಕಿನ ಮೇಲೆ ಬಿತ್ತು. ಗಾಡಿ ನಿಲ್ಲಿಸಬೇಕು, ಈಗಲೇ ನಿಲ್ಲಿಸಬೇಕು ಎಂಬ ಒಂದೇ ವಿಚಾರ ತಲೆಯಲ್ಲಿತ್ತು. ಟ್ರೇಲರ್ ಅಡ್ಡಡ್ಡ ಬಂದು, ಜೀಪಿನ ಕೊಂಡಿ ಮುರಿದುಕೊಂಡು, ರಸ್ತೆ ಬದಿಯ ಕಾಲುವೆಗೆ ಮಗುಚಿ ಬಿತ್ತು. ಫೋನಿನಲ್ಲಿ "ತಮ್ಮಾ" ಎಂದದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ.

ಗದ್ದೆಯಲ್ಲಿದ್ದವರು ಓಡಿ ಬಂದರು. ತಗಡು ಬಗ್ಗಿಸಿ ಒಳಗೆ ಹೋದೆ. ಬೆಲ್ಟು ಕಿತ್ತಿತ್ತು, ಡ್ರಮ್ಮು ಪಟ್ಟಿ ಹರಿದುಕೊಂಡು ಮುಂದಕ್ಕೆ ಬಂದು ಆಕೆಯ ಎದೆಯ ಮೇಲಿತ್ತು. ಅದನ್ನು ಸರಿಸಲು ನಾಲ್ಕು ಜನ ಬೇಕಾಯಿತು. ಅಕ್ಕನ ಸೀರೆ, ತಲೆಯ ಹೂ ಎಲ್ಲ ತೊಯ್ದು ತೊಪ್ಪೆಯಾಗಿದ್ದವು. ಆಂಬುಲೆನ್ಸ್ ಬರುವುದಕ್ಕೆ ಮೊದಲೇ ಹೋಗಿಬಿಟ್ಟಿದ್ದಳು. ಆಮೇಲೆ ಅದೇ ಆಂಬುಲೆನ್ಸಿನಲ್ಲಿ ಆಕೆಯನ್ನು ಮಲಗಿಸಿಕೊಂಡು ಹೋದರು.

ನೀರು ಎಲ್ಲಿಂದ ಬಂತೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಾನು ಔಷಧಿ ಅಂಗಡಿಯಲ್ಲಿ ಕಾಯುತ್ತಿದ್ದಾಗ ಓಣಿಯಲ್ಲಿ ನಳ ಬಂದಿತ್ತು. ಎಂಟು ದಿನಕ್ಕೊಮ್ಮೆ ನೀರು ಬಿಡುವ ನಮ್ಮ ಓಣಿಯಲ್ಲಿ, ನಳ ಬಂದ ಹೊತ್ತು ಮನೆಯಲ್ಲಿ ಒಂದು ತಂಬಿಗೆಯನ್ನೂ ಯಾರೂ ಖಾಲಿ ಬಿಡುವುದಿಲ್ಲ. ಅದರಲ್ಲೂ ಊರಿಗೆ ಹೊರಟಾಗ ಖಾಲಿ ಕೊಡ ಎದುರಿಗೆ ಬರಬಾರದೆಂದು ಅವ್ವನ ಭಾವನೆ. ಈಶಾನ್ಯದ ಡ್ರಮ್ಮು ಬಡಿದರೆ ಬಣಬಣ ಎನ್ನುತ್ತಿದೆ, ಮಗ ಮರೆತಿದ್ದಾನೆ ಎಂದುಕೊಂಡು ಆಕೆ ನಳಕ್ಕೆ ಪೈಪು ಹಚ್ಚಿ ಕಂಠಮಟ್ಟ ತುಂಬಿಸಿದ್ದಳು.

ಗಾಡಿ ನೋಡಲು ಬಂದವರು ಅದೇ ಆರ್‌ಟಿಒ ಇನ್‌ಸ್ಪೆಕ್ಟರು. ಠಾಣೆಯಲ್ಲಿ ಪೊಲೀಸರ ಮುಂದೆ ನನ್ನನ್ನು ಕೂರಿಸಿಕೊಂಡರು. "ಅವತ್ತೇ ಹೇಳಿದ್ದೆನಲ್ಲ" ಎಂದು ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. "ಡ್ರಮ್ ಯಾರು ತುಂಬಿಸಿದ್ರು?" ಎಂದಷ್ಟೇ ಕೇಳಿದರು.

"ನಾನಽ ರೀ."

"ಹಿಂದ ಭಾರ ಆಗತೈತಿ ಅಂತ ಗೊತ್ತಿತ್ತೇನು?"

"ಗೊತ್ತಿತ್ರಿ."

ಅವರು ಬಹಳ ಹೊತ್ತು ನನ್ನ ಮುಖ ನೋಡಿ ಬರೆದುಕೊಂಡರು. ನಂಬರಿಲ್ಲದ ಟ್ರೇಲರ್, ಒಳಗೆ ಮನುಷ್ಯರು, ಅಜಾಗರೂಕತೆಯಿಂದ ಸಾವು. ನ್ಯಾಯಾಲಯದಲ್ಲಿ ಎಲ್ಲವನ್ನೂ ಒಪ್ಪಿಕೊಂಡೆ. ಅದರಲ್ಲಿ ಡ್ರಮ್ಮಿನ ಮಾತೊಂದು ಬಿಟ್ಟು ಉಳಿದದ್ದೆಲ್ಲ ನಿಜವೇ ಇತ್ತು. ಡ್ರಮ್ಮಿನ ಮಾತೂ ಪೂರ್ತಿ ಸುಳ್ಳೆಂದು ನನಗೆ ಅನಿಸುವುದಿಲ್ಲ. ಅವ್ವ ಕೇಳಿದಾಗ ಒಂದು ಮಾತು ಹೇಳಿದ್ದರೆ ಆಕೆ ಪೈಪು ಮುಟ್ಟುತ್ತಿರಲಿಲ್ಲ. ಕೆಲವು ತಿಂಗಳು ಜೈಲಿನಲ್ಲಿದ್ದು ಬಂದೆ. ಲೈಸೆನ್ಸ್ ಹೋಯಿತು, ಜೀಪನ್ನು ಗುಜರಿಗೆ ಹಾಕಿದೆ.

ಜೈಲಿನಿಂದ ಬಂದ ದಿನ ಮನೆಯಲ್ಲಿ ನೆರೆಯ ಹೆಂಗಸರು ಕೂತಿದ್ದರು. ಅವ್ವ ಅವರಿಗೆ ಹೇಳುತ್ತಿದ್ದಳು: "ನನ್ನ ಮಗಳು ಖಾಲಿ ಕೊಡ ನೋಡಿ ಹೋಗಲಿಲ್ರೆವಾ. ನಾನಽ ಕೈಯಾರೆ ನೀರು ತುಂಬಿ ಕಳಿಸಿದ್ದೆ. ಅದರಾಗ ನನ್ನ ಕಡೆಯಿಂದ ಏನೂ ಕಡಿಮಿ ಆಗಲಿಲ್ಲ." ಮಗಳನ್ನು ಕಳೆದುಕೊಂಡ ಮುದುಕಿಗೆ ಹಿಡಿದುಕೊಳ್ಳಲು ಇದ್ದದ್ದು ಅದೊಂದೇ ಸಮಾಧಾನ. ನಾನು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ. ಆ ದಿನದಿಂದ ನಾನು ಯಾರ ಮೇಲೂ ದನಿ ಏರಿಸಿಲ್ಲ. ಊರವರು ಜೈಲು ನನ್ನನ್ನು ಮೆತ್ತಗೆ ಮಾಡಿತೆಂದು ಮಾತಾಡಿಕೊಂಡರು.

ಹೋದ ವರ್ಷ ಅವ್ವ ಹಾಸಿಗೆ ಹಿಡಿದಳು. ಅಕ್ಕ ಮಲಗುತ್ತಿದ್ದ ಮಂಚದ ಮೇಲೆಯೇ ಮಲಗಿಸಿದ್ದೆ. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ನನ್ನ ಮಣಿಕಟ್ಟು ಹಿಡಿದುಕೊಂಡಳು. ಕಣ್ಣು ಜಂತಿಯ ಮೇಲಿತ್ತು.

"ಅವತ್ತು ಕೇಳಿದ್ನಲ್ಲ, ನೀ ಹೇಳಲಿಲ್ಲ. ಆ ಕಾಟಾದಾಂವ ಏನಂದಿದ್ದನಪಾ?"

ಇಷ್ಟು ವರ್ಷ ಆಕೆ ಅದನ್ನು ಒಳಗೇ ಇಟ್ಟುಕೊಂಡು ಕೂತಿದ್ದಳು. ಅವತ್ತು ಬೇಕಾಗಿದ್ದ ಉತ್ತರ ನಾಲಿಗೆಯ ಮೇಲೆಯೇ ಇತ್ತು.

"ಎಲ್ಲಾ ಬರೋಬ್ಬರಿ ಐತಿ ಅಂದಿದ್ದ ಅವ್ವ" ಎಂದೆ. "ನೀರು ಎಷ್ಟು ಬೇಕಾದ್ರೂ ತುಂಬ್ರಿ ಅಂದಿದ್ದ."

ಆಕೆ ನನ್ನ ಮುಖ ನೋಡಿದಳು. ಆಮೇಲೆ ಕೈ ಬಿಟ್ಟು, ಇನ್ನೊಂದು ಚಮಚೆ ಗಂಜಿಗೆ ಬಾಯಿ ತೆರೆದಳು.